ಕರೆಂಟು ಹೋದರೆ ಅಳಿಯುವ ಹೆಸರು

ಕಂಬದ ಮೇಲಿದ್ದ ಲೈನ್‌ಮನ್ ಕೆಳಗೆ ನಿಂತಿದ್ದ ಜೊತೆಗಾರನಿಗೆ ತನ್ನ ಮನೆಯ ಮೀನುಸಾರಿನ ಬಗ್ಗೆ ದೂರು ಹೇಳುತ್ತಿದ್ದ. "ಹುಳಿ ಅಂದ್ರೆ ಹುಳಿ ಮಾರಾಯ, ಹಲ್ಲು ಜುಂ ಅಂತದೆ!" ಅವನು ನನಗೆ ಕಾಣುತ್ತಿರಲಿಲ್ಲ. ಇಳಿಜಾರಿನ ಕಾಫಿ ಗಿಡಗಳ ಆಚೆಯಿಂದ ದನಿ ಮಾತ್ರ ಬರುತ್ತಿತ್ತು. ನನಗೆ ಕಾಣುತ್ತಿದ್ದದ್ದು ಟ್ರಾನ್ಸ್‌ಫಾರ್ಮರ್ ಕಂಬದ ಬುಡದಲ್ಲಿ ಕಬ್ಬಿಣದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದ ಹದಿನಾರು ವರ್ಷದ ಹುಡುಗನೊಬ್ಬನ ಎರಡು ಕೈಗಳು. ಆ ಹಿಡಿಕೆಯನ್ನು ಮೇಲಕ್ಕೆ ತಳ್ಳಿದರೆ ತಂತಿಗೆ ಕರೆಂಟು ಬರುತ್ತದೆ. ಮೀನುಸಾರಿನ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಆ ಕೈಗಳು ಇವತ್ತಿಗೂ ನನ್ನ ಕಣ್ಣ ಮುಂದಿವೆ. ಬಸ್ಸಿನಲ್ಲಿ ಕೂತಿದ್ದರೂ, ಯಾರದೋ ಮದುವೆಯಲ್ಲಿ ಎಲೆಯ ಮುಂದೆ ಕೂತಿದ್ದರೂ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಹಿಡಿಕೆ ಮೇಲೆ ಹೋಯಿತೇ ಎಂದು. ಹುಡುಗ ಕೆಟ್ಟವನಲ್ಲ, ತಲೆ ಕೆಟ್ಟವನೂ ಅಲ್ಲ. ಒಂದು ವಿಡಿಯೋ ಗೇಮಿನ ಪರದೆಯ ಮೇಲಿನ ಮೂರು ಅಕ್ಷರಗಳನ್ನು ಉಳಿಸಿಕೊಳ್ಳಲು ಅಲ್ಲಿಗೆ ಬಂದಿದ್ದ, ಅಷ್ಟೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬಿ.ಎಸ್ಸಿ. ಮುಗಿಸಿ ನಾನು ಮೂಡಿಗೆರೆಯಲ್ಲಿ ಅಬ್ಬನ, ಎಂದರೆ ನಮ್ಮಪ್ಪನ, ಜೀಪ್ ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದೆ. ಬಾಳೂರು ಕಡೆಯ ಪ್ಲಾಂಟರುಗಳ ಒಂದು ಕ್ಲಬ್ಬಿಗೆ ಬೊಂಬಾಯಿಯಿಂದ ಹಳೆಯ ವಿಡಿಯೋ ಗೇಮ್ ಯಂತ್ರವೊಂದು ಬಂದು ಇಳಿದಿತ್ತು. ಆಳೆತ್ತರದ ಮರದ ಪೆಟ್ಟಿಗೆ. ಎದೆಯ ಮಟ್ಟದಲ್ಲಿ ಅತ್ತಿತ್ತ ಆಡಿಸುವ ಒಂದು ಸನ್ನೆ, ಒತ್ತುವ ಒಂದು ಗುಂಡಿ. ಅದರ ಮೇಲೆ ಓರೆಯಾಗಿ ಕೂಡಿಸಿದ ಬಣ್ಣದ ಪರದೆ. ಕ್ಲಬ್ಬಿನ ಸೆಕ್ರೆಟರಿಯವರು ಹೇಳಿಕಳಿಸಿದರು. ಅವರೂ ಕಾಫಿ ಪ್ಲಾಂಟರೇ, ಎತ್ತರದ ಮನುಷ್ಯ, ಮಾತು ಕಡಿಮೆ.

"ಏನ್ರಿ ಸಾಬ್ರೆ, ಟಿವಿ ರಿಪೇರಿ ಮಾಡ್ತೀರಲ್ಲ, ಇದನ್ನೂ ಒಂಚೂರು ನೋಡಿ. ಇದೂ ಟಿವೀನೇ. ಸ್ವಲ್ಪ ಜಗಳಗಂಟಿ ಟಿವಿ" ಎಂದರು.

ಹಿಂಬದಿಯ ಹಲಗೆ ತೆಗೆದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಮೇಲೆ ಪಿಕ್ಚರ್ ಟ್ಯೂಬು, ಅದು ಪರಿಚಯದ್ದೇ. ಪಕ್ಕದಲ್ಲಿ ಊಟದ ತಟ್ಟೆಗಿಂತ ದೊಡ್ಡದಾದ ಹಸಿರು ಬೋರ್ಡು, ಅದರ ತುಂಬ ಕರಿಯ ಚಿಪ್‌ಗಳು. ಅಂಥದ್ದನ್ನು ನಾನು ಪುಸ್ತಕದಲ್ಲಷ್ಟೇ ನೋಡಿದ್ದೆ. ಬೋರ್ಡಿನ ಮೂಲೆಯಲ್ಲಿ ಅಕ್ಕಿಕಾಳಿನ ಗಾತ್ರದ ಸ್ವಿಚ್ಚುಗಳ ಒಂದು ಸಾಲಿತ್ತು. ವಿವರಣೆಯ ಕಾಗದವೇನೂ ಜೊತೆಗೆ ಬಂದಿರಲಿಲ್ಲ. ಪಿನ್ನಿನ ಮೊನೆಯಿಂದ ಒಂದೊಂದನ್ನೇ ಸರಿಸಿ, ಒಂದೊಂದು ಆಟ ಆಡಿ ನೋಡಿದೆ. ಮೊದಲನೆಯದು ಆಟಗಾರನಿಗೆ ಎಷ್ಟು ಜೀವ ಎಂಬುದಕ್ಕೆ. ಮುಂದಿನೆರಡು ಮೇಲಿನಿಂದ ಸಾಲುಗಟ್ಟಿ ಇಳಿಯುವ ಶತ್ರು ವಿಮಾನಗಳ ವೇಗಕ್ಕೆ. ವೋಲ್ಟೇಜು ಬಿದ್ದಾಗ ಪರದೆ ಕುಣಿಯುತ್ತಿತ್ತು, ಸ್ಟೆಬಿಲೈಸರ್ ಕೂಡಿಸಿದೆ. ಚಿತ್ರ ನಿಂತಿತು, ಗುಂಡಿನ ಸದ್ದು ಬಂತು. ಬಿಲಿಯರ್ಡ್ಸ್ ಕೋಣೆಯಲ್ಲಿದ್ದ ಮಕ್ಕಳೆಲ್ಲ ಹೋ ಎಂದು ಓಡಿಬಂದರು.

ಆಟ ಮುಗಿದಾಗ ಅಂಕ ಹೆಚ್ಚಿದ್ದರೆ ಯಂತ್ರ ನಿಮ್ಮ ಹೆಸರು ಕೇಳುತ್ತದೆ. ಇಂಗ್ಲಿಷಿನ ಮೂರು ಅಕ್ಷರಕ್ಕೆ ಜಾಗ. ಅತಿ ಹೆಚ್ಚು ಅಂಕ ಪಡೆದ ಹತ್ತು ಹೆಸರುಗಳ ಪಟ್ಟಿ, ಯಾರೂ ಆಡದಿರುವಾಗ, ಪರದೆಯ ಮೇಲೆ ಬರುತ್ತಾ ಹೋಗುತ್ತಾ ಇರುತ್ತದೆ. ಆದರೆ ಬೋರ್ಡಿಗೆ ಕರೆಂಟು ಇರುವಷ್ಟು ಹೊತ್ತು ಮಾತ್ರ ಆ ನೆನಪು. ಕರೆಂಟು ಹೋಗಿ ಬಂದರೆ ಪಟ್ಟಿ ತೊಳೆದಿಟ್ಟಂತೆ ಖಾಲಿ. ನಮ್ಮ ಕಡೆಯ ಕರೆಂಟೋ, ಕಳಸದ ಕಡೆ ಒಂದು ಕೊಂಬೆ ಮುರಿದರೆ ಇಲ್ಲಿ ಕತ್ತಲೆ!

ಹುಡುಗ ಸೆಕ್ರೆಟರಿಯವರ ಮಗ. ಘಟ್ಟದ ಕೆಳಗಿನ ಬೋರ್ಡಿಂಗ್ ಶಾಲೆಯಲ್ಲಿ ಓದುತ್ತಿದ್ದವನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಗೆ ಬಂದಿದ್ದ. ಮತ್ತೆ ಪರೀಕ್ಷೆ ಕಟ್ಟಿ ಓದಿಕೊಳ್ಳಬೇಕಿತ್ತು. ಓದುವ ಬದಲು ಬೆಳಿಗ್ಗೆ ಕ್ಲಬ್ಬಿನ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ನಾನು ರಿಪೇರಿಗೆಂದು ಹೋದಾಗಲೆಲ್ಲ ಅಲ್ಲೇ. ಒಮ್ಮೆ ಬಟ್ಲರ್ ತಂದಿಟ್ಟ ಬಿಸಿ ಕಾಫಿ ಅವನ ಮೊಣಕೈ ತಾಗಿ ಅವನ ಮುಂಗೈ ಮೇಲೇ ಚೆಲ್ಲಿತು. ಕೈ ಕೊಡವಲಿಲ್ಲ! ಆಟ ಮುಗಿದ ಮೇಲೆ ಕೆಂಪಾದ ಕೈ ನೋಡಿ, "ಇದೆಂತ ಆಯ್ತು?" ಎಂದು ನನ್ನನ್ನೇ ಕೇಳಿದ. ಹೆಸರು ಹಿಡಿದು ಕೂಗಿದರೆ ಕಿವಿಗೆ ಬೀಳುತ್ತಿರಲಿಲ್ಲ. "ಸ್ಕೋರ್ ಎಷ್ಟಾಯ್ತು?" ಎಂದು ಪಿಸುಗುಟ್ಟಿದರೆ ಸಾಕು, ಥಟ್ಟನೆ ಉತ್ತರ ಬರುತ್ತಿತ್ತು.

ಸೆಕ್ರೆಟರಿಯವರು ನನ್ನನ್ನು ವರಾಂಡಕ್ಕೆ ಕರೆದರು.

"ಅದನ್ನ ಕಷ್ಟ ಮಾಡಕ್ಕೆ ಆಗ್ತದಾ ಸಾಬ್ರೆ? ಸೋತು ಸೋತು ಬೇಜಾರಾಗಿ ಬಿಡ್ಲಿ. ಇಲ್ಲಾಂದ್ರೆ ನಾನು ಅದನ್ನ ಹೊಳೆಗೆ ದೂಡ್ತೀನಿ, ಇವನನ್ನ ಯಾವ್ದಾದ್ರೂ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಕೆಲ್ಸಕ್ಕೆ ಹಾಕ್ತೀನಿ. ಓದು ಅಲ್ಲಿಗೆ ಮುಗೀತು."

ಪಣ ಅಷ್ಟು ಸ್ಪಷ್ಟವಾಗಿತ್ತು. ಪರೀಕ್ಷೆ ಬರುವುದರೊಳಗೆ ಹುಡುಗ ಯಂತ್ರ ಬಿಡಬೇಕು, ಇಲ್ಲದಿದ್ದರೆ ಓದು ಬಿಡಬೇಕು. ನನಗೆ ಹುಮ್ಮಸ್ಸು ಬಂತು. ಸ್ವಿಚ್ಚುಗಳು ನನ್ನ ಕೈಯಲ್ಲಿದ್ದವಲ್ಲ! ವೇಗದ ಸ್ವಿಚ್ಚುಗಳನ್ನು ಕೊನೆಯವರೆಗೂ ಸರಿಸಿದೆ.

ಮಿಕ್ಕ ಮಕ್ಕಳು ಎರಡು ಆಟ ಸೋತು, "ಥೂ, ಇದು ಕೆಟ್ಟೋಗಿದೆ" ಎಂದು ಷಟಲ್ ಆಡಲು ಹೋದರು. ಇವನು ಅಲ್ಲಾಡಲಿಲ್ಲ. ಪ್ರತಿ ಸಲ ತನ್ನ ಹಳೆಯ ಅಂಕ ಮುಟ್ಟಲು ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಸಾಯುವನು. ಸತ್ತ ಕೂಡಲೇ ಕೈ ತಾನಾಗಿ ಮುಂದಿನ ಆಟದ ಬಿಲ್ಲೆಯನ್ನು ಯಂತ್ರದ ಬಾಯಿಗೆ ಹಾಕುವುದು. ದೂರದಲ್ಲಿ ಸೋತರೆ ಮನುಷ್ಯ ಬಿಟ್ಟುಬಿಡುತ್ತಾನೆ. ಅಂಚಿನಲ್ಲಿ ಸೋತರೆ ಬಿಡುವುದಿಲ್ಲ. ನಾನು ಅವನ ಮುಂದೆ ಇಟ್ಟದ್ದು ಅಂಚನ್ನೇ.

ಸರಿ, ತಿರುಗಿಸಿ ಸುಲಭ ಮಾಡಿದೆ. ಗೆಲುವು ಸಪ್ಪೆಯಾದರೆ ಬೇಸರ ಬರಬಹುದೆಂದು. ಮೊದಲ ಆಟದಲ್ಲೇ ಅವನು ಸನ್ನೆ ಬಿಟ್ಟು ತಿರುಗಿ ನನ್ನನ್ನು ನೋಡಿದ.

"ಭಾಯ್, ಇದಕ್ಕೆ ಎಂತದೋ ಮಾಡಿದೀರಿ."

"ಎಂತದೂ ಇಲ್ಲ ಮಾರಾಯ."

"ಸುಳ್ಳು ಹೇಳ್ಬೇಡಿ. ಅಯ್ಯೋ ಪಾಪ ಅಂತ ಬಿಟ್ಟುಕೊಡ್ತಾ ಇದೆ. ಮನೇಲಿ ಅಜ್ಜಿ ಬಿಟ್ಟುಕೊಡ್ತಾರೆ, ಅಷ್ಟು ಸಾಕು. ಮೊದ್ಲು ಹೇಗಿತ್ತೋ ಹಂಗೆ ಮಾಡಿ."

ಮೂರನೆಯ ಪ್ರಯತ್ನ ಸೆಕ್ರೆಟರಿಯವರದು. ಕೋಣೆಗೆ ಬೀಗ ಹಾಕಿಸಿದರು. ಹುಡುಗ ಓದಲಿಲ್ಲ. ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಇಲ್ಲದ ಸನ್ನೆಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತಿದ್ದ. ಆಮೇಲೆ ಒಂದು ದಿನ ಬಾಗಿಲ ಕೊಂಡಿಯನ್ನೇ ಕಿತ್ತು ಒಳಗೆ ಹೋದ. ಅಪ್ಪ ಮಗ ಮಾತು ಬಿಟ್ಟರು.

ಕೊಂಡಿ ಮತ್ತೆ ಕೂಡಿಸುವ ನೆಪದಲ್ಲಿ ನಾನು ಹೋದೆ. ಆ ಹೊತ್ತು ಕರೆಂಟಿರಲಿಲ್ಲ. ಸತ್ತ ಪರದೆಯ ಮುಂದೆ ಅವನು ಕೂತಿದ್ದ.

"ಗೆದ್ರೆ ಖುಷಿ ಆಗ್ತದಾ ನಿಂಗೆ?" ಎಂದು ಕೇಳಿದೆ.

ತುಂಬ ಯೋಚಿಸಿ ಹೇಳಿದ. "ಖುಷಿ ಅಲ್ಲ ಭಾಯ್. ಸಮಾಧಾನ. ಇದ್ರ ಮುಂದೆ ನಿಂತಾಗ ಫೇಲಾಗಿದ್ದು ನೆನಪಾಗಲ್ಲ. ಮತ್ತೆ, ಇದು ಮುಖ ನೋಡಿ ಮಣೆ ಹಾಕಲ್ಲ. ಎಲ್ಲರಿಗೂ ಒಂದೇ ನ್ಯಾಯ. ಕ್ಲಬ್ಬಿಗೆ ಬಂದೋರೆಲ್ಲ, 'ಏನೋ, ಎಷ್ಟು ಸಬ್ಜೆಕ್ಟಲ್ಲಿ ಹೋಯ್ತು?' ಅಂತಾರೆ. ಇದು ಹೆಸರು ಬರಿ ಅನ್ನುತ್ತೆ." ಸತ್ತ ಪರದೆಯ ಮೇಲೆ ಬೆರಳಾಡಿಸುತ್ತಾ, "ಬರೆದದ್ದು ಕರೆಂಟು ಹೋದ್ರೆ ಹೋಯ್ತು. ಮತ್ತೆ ಮೊದ್ಲಿಂದ ಹತ್ಬೇಕು" ಎಂದ.

ನನಗೆ ರೋಮಾಂಚನವಾಯಿತು. ಇಷ್ಟು ದಿನ ನಾನು ಆಟವನ್ನು ಸರಿಪಡಿಸಲು ಹೊರಟಿದ್ದೆ. ಹುಡುಗನಿಗೆ ಬೇಕಿದ್ದದ್ದು ಪಟ್ಟಿ! ಅಳಿದ ಹೆಸರನ್ನು ಮತ್ತೆ ಬರೆಯಲು ಅವನು ದಿನವಿಡೀ ನಿಲ್ಲುತ್ತಿದ್ದ. ಹೆಸರು ಅಳಿಯದಂತಾದರೆ?

ಇಡೀ ಯಂತ್ರವನ್ನು ಬ್ಯಾಟರಿಯಿಂದ ನಡೆಸುವುದು ಕಷ್ಟ. ಆದರೆ ನೆನಪು ಇರುವುದು ಬೋರ್ಡಿನಲ್ಲಿ, ಅದಕ್ಕೆ ಬೇಕಾದ್ದು ಐದೇ ವೋಲ್ಟ್. ಗ್ಯಾರೇಜಿನಿಂದ ಜೀಪಿನ ಬ್ಯಾಟರಿ ತಂದೆ. ಅದರ ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸುವ ಸರ್ಕ್ಯೂಟು ಬೆಸೆದೆ. ಬಿಸಿ ತಡೆಯಲು ಅಲ್ಯೂಮಿನಿಯಂ ತಟ್ಟೆ ಕೂಡಿಸಿದೆ. ಮೊದಲ ಸಲ ರೆಗ್ಯುಲೇಟರ್ ಸುಟ್ಟು ವಾಸನೆ ಬಂತು. ಎರಡನೆಯ ಸಲ ಕರೆಂಟು ಹೋದ ಕ್ಷಣದಲ್ಲಿ ಬೋರ್ಡು ತಡವರಿಸಿ ಪಟ್ಟಿ ಹೋಯಿತು. ಮಧ್ಯೆ ಡಯೋಡುಗಳನ್ನು ಹಾಕಿದ ಮೇಲೆ ಮೇನ್ ಸ್ವಿಚ್ ಆರಿಸಿದೆ. ಪರದೆ ಕಪ್ಪಾಯಿತು. ಹುಡುಗ ಉಸಿರು ಹಿಡಿದಿದ್ದ. ಸ್ವಿಚ್ ಹಾಕಿದೆ. ಟ್ಯೂಬು ಬಿಸಿಯಾಗಿ ಬೆಳಕು ಮೂಡಿತು. ಹೆಸರು ಅಲ್ಲೇ ಇತ್ತು!

"ಭಾಯ್!" ಎಂದು ಅವನು ನನ್ನ ಹೆಗಲ ಮೇಲೆ ಹಾರಿಬಿದ್ದ.

ಅದು ನಿಜಕ್ಕೂ ಕೆಲಸ ಮಾಡಿತು. ಮರುವಾರ ನಾನು ಹೋದಾಗ ಅವನು ವರಾಂಡದಲ್ಲಿ ಗಣಿತದ ಪುಸ್ತಕ ತೆರೆದು ಕೂತಿದ್ದ. ಆಗಾಗ ಎದ್ದು ಹೋಗಿ ಪಟ್ಟಿ ನೋಡಿ ಬರುವನು, ಮತ್ತೆ ಕೂರುವನು. ಖುಷಿಯಲ್ಲಿ ನಾನು ಸೆಕ್ರೆಟರಿಯವರ ಬಳಿ ಹೋಗಿ, "ನೀವೊಂದ್ಸಲ ಬಂದು ಅವನ ಸ್ಕೋರ್ ನೋಡಿ ಸರ್, ಅಷ್ಟು ಮಾಡಿ" ಎಂದೆ. ಅವರು ಕನ್ನಡಕ ಒರೆಸುತ್ತಾ, "ಶನಿವಾರ ಸಂಜೆ ಮೀಟಿಂಗಿಗೆ ಬರ್ತೀನಲ್ಲ, ಆಗ ನೋಡ್ತೀನಿ ಅಂತ ಹೇಳಿ" ಎಂದರು. ಹೇಳಿದೆ. ಹುಡುಗನ ಕಿವಿ ಕೆಂಪಾಯಿತು.

ಶನಿವಾರ ನಾನೂ ಕ್ಲಬ್ಬಿನಲ್ಲಿದ್ದೆ. ಹುಡುಗ ಬೆಳಿಗ್ಗೆ ಬೇಗನೆ ಬಂದು, ಹಿಂದೆಂದೂ ಮುಟ್ಟದಷ್ಟು ಅಂಕ ಮುಟ್ಟಿದ. ಹೆಸರು ಬರೆದು ಕೈ ಬಿಟ್ಟ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಬಿಸಿಲು ಕಾಯುತ್ತಿತ್ತು, ಗಾಳಿಯಿಲ್ಲ. ಕೆಳಗಿನ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಕಡಿಸುತ್ತಿದ್ದರು. ಸಿಲ್ವರ್ ಓಕಿನ ದೊಡ್ಡ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ತಂತಿ ತುಂಡಾಗಿತ್ತು. ಲೈನ್‌ಮನ್ ಮತ್ತು ಅವನ ಜೊತೆಗಾರ ಬಂದರು. ಕ್ಲಬ್ಬಿಗೂ ಕೆಳಗಿನ ತೋಟಕ್ಕೂ ಕರೆಂಟು ಕೊಡುವ, ಕ್ಲಬ್ಬಿನ ಹಿಂದಿನ ಟ್ರಾನ್ಸ್‌ಫಾರ್ಮರಿನ ಹಿಡಿಕೆಯನ್ನು ಕೆಳಗಿಳಿಸಿ ಸಣ್ಣ ತಂತಿ ಸುತ್ತಿ ಕಟ್ಟಿದರು. ಹುಡುಗ ಹೋಗಿ ನೋಡುತ್ತಾ ನಿಂತಿದ್ದ.

"ಎಂತಕ್ಕೆ ಕಟ್ಟೋದು?"

"ಕಟ್ದಿದ್ರೆ ಯಾವನಾದ್ರೂ ಎತ್ತುತಾನೆ ಸಣ್ಣಯ್ಯ. ಆಮೇಲೆ ನಮ್ಮನೇಲಿ ವಡೆ ಪಾಯಸ, ತಿನ್ನಕ್ಕೆ ನಾನಿರಲ್ಲ" ಎಂದು ನಕ್ಕು ಲೈನ್‌ಮನ್ ಇಳಿಜಾರಿಗೆ ಇಳಿದ.

ಹುಡುಗನೂ ನಕ್ಕ. ಅವನಿಗೆ ಅಪಾಯ ಗೊತ್ತಿತ್ತು ಎಂಬುದನ್ನು ಮರೆಯಬಾರದು.

ಮಧ್ಯಾಹ್ನವಾಯಿತು. ಬ್ಯಾಟರಿಗೆ ನಾನು ಕೂಡಿಸಿದ್ದ ಮೀಟರಿನ ಮುಳ್ಳು ಇಳಿಯತೊಡಗಿತು. ಕಪ್ಪು ಪರದೆಯ ಹಿಂದೆ ಬೋರ್ಡು ಬಿಸಿಯಾಗಿ ಹೆಸರನ್ನು ಹಿಡಿದುಕೊಂಡಿತ್ತು. ಹುಡುಗ ಊಟಕ್ಕೆ ಹೋಗಲಿಲ್ಲ. ಮುಳ್ಳಿಗೆ ಮುಖವಿಟ್ಟು ಕೂತ.

"ಅಪ್ಪ ಬರೋವರೆಗೂ ಇರ್ತದಾ ಭಾಯ್?"

"ಕಷ್ಟ. ಇನ್ನೊಂದು ಬ್ಯಾಟರಿ ಬೇಕು. ತೋಟದ ಟ್ರ್ಯಾಕ್ಟರಿನದು ಸಿಕ್ರೆ ಆಗ್ತದೆ."

ಅವನು ಎದ್ದ. ಮುಖದಲ್ಲಿ ಆಟದ ಹೊತ್ತಿನ ಬಿಗಿ ಬಂದಿತ್ತು. "ನಾನು ಲೈನ್ ಹತ್ರ ಹೋಗಿ ಬರ್ತೀನಿ" ಎಂದ.

ನಮ್ಮ ಕಡೆ ಲೈನ್ ಎಂದರೆ ತೋಟದ ಆಳುಗಳ ಮನೆಗಳ ಸಾಲು. ಟ್ರ್ಯಾಕ್ಟರ್ ಡ್ರೈವರ್ ಇರುವುದೂ ಅಲ್ಲೇ. ಬ್ಯಾಟರಿ ಕೇಳಲು ಹೊರಟನೆಂದು ನಾನು, "ಬೇಗ ಬಾ" ಎಂದೆ. ಹೊಸದರ ತಂತಿ ಸೇರಿಸಲು ಹಳೆಯ ಬ್ಯಾಟರಿಯ ತಿರುಪನ್ನು ಸಡಿಲಿಸಿಡೋಣವೆಂದು ಇಕ್ಕಳಕ್ಕೆ ಕೈ ಹಾಕಿದೆ. ಇಕ್ಕಳ ಇರಲಿಲ್ಲ. ಚೀಲ ತಡಕಿದೆ. ಪೆಟ್ಟಿಗೆಯ ಹಿಂದೆ ನೋಡಿದೆ. ಬ್ಯಾಟರಿ ಕೇಳುವುದಕ್ಕೆ ಇಕ್ಕಳ ಏಕೆ?

ಹಿಡಿಕೆಗೆ ಸುತ್ತಿದ ತಂತಿ ಕಣ್ಣಿಗೆ ಬಂತು. ಅವನು ಹೇಳಿದ್ದು ಕರೆಂಟಿನ ಲೈನು!

ಹೇಗೆ ಓಡಿದೆನೋ ತಿಳಿಯದು. ಅಡುಗೆಮನೆಯೊಳಗಿಂದಲೇ ನುಗ್ಗಿದೆ, ಏನೋ ಉರುಳಿಬಿದ್ದ ಸದ್ದು, ಬಟ್ಲರ್ ಬೈದದ್ದು ಕೇಳಿತು. ಹಿತ್ತಲ ಬೇಲಿ ದಾಟುವಾಗ ಪ್ಯಾಂಟು ಹರಿಯಿತು. ಟ್ರಾನ್ಸ್‌ಫಾರ್ಮರ್ ಕಂಡಿತು. ಕತ್ತರಿಸಿದ ತಂತಿ ಹುಲ್ಲಿನ ಮೇಲಿತ್ತು. ಹುಡುಗನ ಎರಡೂ ಕೈ ಹಿಡಿಕೆಯ ಮೇಲಿದ್ದವು. ತುಕ್ಕಿನಿಂದಲೋ ಏನೋ ಅದು ಬಿಗಿದಿತ್ತು. ಮೊಣಕಾಲು ಬಗ್ಗಿಸಿ ಬಲ ಹಾಕುತ್ತಿದ್ದ. ಕೆಳಗಿನಿಂದ ಮೀನುಸಾರಿನ ದೂರು ಕೇಳುತ್ತಿತ್ತು.

"ಬಿಡೋ! ಮೇಲೆ ಜನ ಇದಾರೆ!"

ಅವನ ಬೆನ್ನು ಅಲುಗಲಿಲ್ಲ. ಹೆಸರು ಹಿಡಿದು ಕೂಗಿದೆ. ಹಿಡಿಕೆ ಕಿರ್ ಎಂದು ಒಂದಿಷ್ಟು ಸರಿಯಿತು. ನನಗೂ ಅವನಿಗೂ ಮಧ್ಯೆ ಇನ್ನೂ ಒಂದು ಚರಂಡಿ, ಕಲ್ಲಿನ ರಾಶಿ. ಹೋಗಿ ಹಿಡಿಯುವಷ್ಟರಲ್ಲಿ ಮುಗಿದಿರುತ್ತದೆ. ಹಿಡಿದರೂ ಎಳೆದಾಟದಲ್ಲಿ ಅದು ಮೇಲೇ ಹೋದರೆ? ಬಿಸಿ ಕಾಫಿ ಸುಟ್ಟದ್ದೂ ತಿಳಿಯದಿದ್ದ ಹುಡುಗ ಅವನು. ನಾನು ನಿಂತುಬಿಟ್ಟೆ. ಓಡುವುದನ್ನು ಬಿಟ್ಟು ನಿಂತೆ, ಎದೆ ತುಂಬ ಉಸಿರೆಳೆದು ಕೂಗಿದೆ.

"ಸ್ಕೋರ್ ಹೋಯ್ತು! ಬ್ಯಾಟರಿ ಸತ್ತೋಯ್ತು ಮಾರಾಯ, ಪಟ್ಟಿ ಪೂರ್ತಿ ಹೋಯ್ತು!"

ಕೈಗಳು ಸಡಿಲವಾದವು. ಅಷ್ಟೇ! ಬಳ್ಳಿ ಕತ್ತರಿಸಿದಂತೆ ಕೈಗಳು ಕೆಳಗೆ ಬಿದ್ದವು. ಅವನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತ. ನಾನು ಚರಂಡಿ ಹಾರಿ ಹೋಗಿ ಹಿಡಿಕೆಯನ್ನು ಪೂರ್ತಿ ಕೆಳಕ್ಕೆ ಒತ್ತಿದೆ, ನನ್ನ ಬೆಲ್ಟು ಬಿಚ್ಚಿ ಸುತ್ತಿ ಕಟ್ಟಿದೆ. ಆಮೇಲೆ ಅದರ ಮೇಲೆ ಮೈ ಭಾರ ಹಾಕಿ ನಿಂತೆ.

ಹುಡುಗ ಅಳುತ್ತಿದ್ದ. ಅಳುವಿನ ಮಧ್ಯೆ ಕೆಳಗಿನ ನಗು ಅವನಿಗೆ ಕೇಳಿಸಿತು. ತಲೆ ಎತ್ತಿದ.

"ಅವ್ರು ಇನ್ನೂ ಕಂಬದ ಮೇಲಿದಾರಾ?"

"ಇದಾರೆ."

"ಕೆಲ್ಸ ಮುಗಿಸಿರ್ತಾರೆ ಅಂದ್ಕೊಂಡೆ ಭಾಯ್." ತುಟಿ ಕಚ್ಚಿದ. "ಇಲ್ಲ. ಅಂದ್ಕೊಳ್ಳಲೂ ಇಲ್ಲ. ಅವ್ರು ನೆನಪಿಗೇ ಬರ್ಲಿಲ್ಲ."

ಆಮೇಲೆ ಹುಲ್ಲಿನ ಮೇಲಿದ್ದ ತಂತಿಯ ತುಂಡನ್ನು ಹೆಕ್ಕಿ ನನ್ನ ಕೈಗೆ ಕೊಟ್ಟ. "ಸುಳ್ಳು ಹೇಳಿದೆ. ಸ್ಕೋರ್ ಇದೆ" ಎಂದೆ. ಆ ಸುದ್ದಿಗೆ ಅವನ ಮುಖದಲ್ಲಿ ಏನೂ ಆಗಲಿಲ್ಲ. ಸ್ಕೋರಿನ ಮಾತಿಗೆ ಅವನು ಅಲುಗದಿದ್ದದ್ದು ಅದೇ ಮೊದಲು.

ಕೆಲಸ ಮುಗಿಸಿ ಲೈನ್‌ಮನ್ ಹತ್ತಿಬಂದ. ನನ್ನ ಬೆಲ್ಟು ನೋಡಿ, "ಎಂತ ಸಾಬ್ರೆ, ಪ್ಯಾಂಟು ಬೇಡ್ವಾ?" ಎಂದು ನಕ್ಕ. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಅವನೆದುರು ನಿಂತು ಎಲ್ಲ ಹೇಳಿಬಿಟ್ಟ, ಒಂದೂ ಬಿಡದೆ, ಇಕ್ಕಳವನ್ನು ಕೈಯಲ್ಲಿ ಹಿಡಿದುಕೊಂಡೇ. ಲೈನ್‌ಮನ್‌ನ ನಗು ಮುಖದಲ್ಲೇ ನಿಂತುಹೋಯಿತು. ಕೈಗವಸು ಕಳಚಿ ತನ್ನ ಅಂಗೈಗಳನ್ನು ನೋಡಿಕೊಂಡ. ಕಲ್ಲಿನ ಮೇಲೆ ಕೂತ. ಜೊತೆಗಾರ ಬೀಡಿ ಹಚ್ಚಿ ಕೊಟ್ಟರೆ ಅದು ಬೆರಳ ಮಧ್ಯೆಯೇ ಉರಿಯಿತು.

"ನಂಗೆ ಮೂರು ಮಕ್ಳು ಸಣ್ಣಯ್ಯ" ಎಂದ, ಅಷ್ಟೆ. ಎದ್ದು ಹೋಗಿ ಬೆಲ್ಟು ಬಿಚ್ಚಿ ಹಿಡಿಕೆಯನ್ನು ತಾನೇ ಎತ್ತಿದ. ಕ್ಲಬ್ಬಿನೊಳಗೆ ಯಂತ್ರದ ಗುಂಡಿನ ಸದ್ದು ಶುರುವಾಯಿತು.

ಸಂಜೆ ಸೆಕ್ರೆಟರಿಯವರ ಜೀಪು ಬಂತು. ಲೈನ್‌ಮನ್‌ಗೆ ನಾವು ಚಹಾ ಕುಡಿಸುತ್ತಿದ್ದೆವು. "ಎಲ್ಲಿ, ನೋಡೋಣ ನಿನ್ನ ಸ್ಕೋರು" ಎಂದು ಅವರು ನೇರ ಯಂತ್ರದ ಕಡೆಗೇ ನಡೆದರು. ಹುಡುಗ ಪರದೆಗೆ ಅಡ್ಡ ನಿಂತ.

"ಅದು ಆಮೇಲೆ ಅಪ್ಪ. ಮೊದ್ಲು ಇದನ್ನ ಕೇಳಿ."

ಇಡೀ ಕಥೆಯನ್ನು ಎರಡನೆಯ ಸಲ ಹೇಳಿದ. ಸೆಕ್ರೆಟರಿಯವರ ಕೈ ಮೇಲೆದ್ದದ್ದನ್ನು ನಾನು ನೋಡಿದೆ. ಲೈನ್‌ಮನ್ ಲೋಟ ಇಟ್ಟು ಎದ್ದು ಮಧ್ಯೆ ಬಂದ. "ಹೊಡೀಬೇಡಿ ಅಯ್ಯ. ಹೊಡೆಯೋ ಹಕ್ಕಿದ್ರೆ ನಂಗೆ. ನಾನೇ ಹೊಡೆದಿಲ್ಲ." ಕೈ ಇಳಿಯಿತು. ಅವರು ಲೈನ್‌ಮನ್‌ನ ಹೆಗಲು ಹಿಡಿದು ಮೆಂಬರುಗಳ ಕುರ್ಚಿಯ ಮೇಲೆ ಕೂರಿಸಿದರು. ಅವನ ಲೋಟವನ್ನು ತಾವೇ ತಂದು ಕೈಗೆ ಕೊಟ್ಟರು.

ಆಮೇಲೆ ಯಂತ್ರದ ಬಳಿ ಹೋಗಿ ಕನ್ನಡಕ ಹಾಕಿಕೊಂಡರು. ಪಟ್ಟಿ ಪರದೆಯ ಮೇಲಿತ್ತು.

"ಮೇಲಿರೋದು ನೀನಾ?"

"ಹೂಂ."

"ಎರಡನೆಯವನು ಯಾರು?"

"ಅದೂ ನಾನೇ."

"ಮೂರನೆಯವನು?"

"ಎಲ್ಲಾ ನಾನೇ ಅಪ್ಪ."

ಅವರು ಬಗ್ಗಿ, ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿದರು. ಅದೇ ಮೂರು ಅಕ್ಷರ, ಮೇಲಿಂದ ಕೆಳಗೆ. ಬೆರಳು ಗಾಜಿನ ಮೇಲೆಯೇ ನಿಂತಿತು.

"ಜೊತೆಗೆ ಆಡಕ್ಕೆ ಒಬ್ರೂ ಇರ್ಲಿಲ್ವೇನೋ ನಿಂಗೆ?" ಎಂದರು.